ಬಣ್ಣ ನೋಡಿ ಚೆಲ್ಲಿದ ಪಾಚಿ

ನಮ್ಮ ಪ್ರಾಜೆಕ್ಟ್ ಗೈಡ್ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯವರು. ಅದನ್ನು ಅವರೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು ಎನ್ನುವುದಕ್ಕಿಂತ ಕುರ್ಚಿ ತುಂಬುತ್ತಿದ್ದರು ಎನ್ನುವುದೇ ಸರಿ. ಎರಡು ವರ್ಷದಲ್ಲಿ ಆ ಮಹಾಶಯರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಎಂ.ಎಸ್ಸಿ. ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡದ್ದು ಸಮುದ್ರದ ಸೂಕ್ಷ್ಮ ಪಾಚಿ. ಕಾರವಾರದಿಂದ ಕ್ಯಾನಿನಲ್ಲಿ ಉಪ್ಪುನೀರು ತರಿಸಿ ಆರು ಫ್ಲಾಸ್ಕ್ ಹೊಂದಿಸಿದ್ದೆ. ಮೂರನ್ನು ಟ್ಯೂಬ್‌ಲೈಟಿನ ಕೆಳಗೆ, ಇನ್ನು ಮೂರನ್ನು ಮೂಲೆಯಲ್ಲಿ ಪರದೆಯ ಮಬ್ಬಿಗೆ. ಬೆಳಕು ಕಡಿಮೆಯಾದರೆ ಈ ಪಾಚಿ ಇದ್ದಷ್ಟನ್ನೂ ಹಿಡಿಯಲು ಮೈತುಂಬ ಹಸಿರು ತುಂಬಿಕೊಳ್ಳುತ್ತದೆ. ಬೆಳೆಯುವುದು ಮಾತ್ರ ನಿಧಾನ. ಬೆಳಕು ಧಾರಾಳವಾಗಿದ್ದರೆ ಅಷ್ಟು ಹಸಿರಿನ ಗರಜೇ ಇಲ್ಲ. ಬಣ್ಣ ಇಳಿಸಿಕೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಸರಸರ ಹೆಚ್ಚುತ್ತದೆ. ದಿನಾ ಹಾವೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು, ಹನಿ ಹನಿ ತೆಗೆದು ಜೀವಕೋಶ ಎಣಿಸಿದ್ದೆ. ತಿಳಿ ಬಣ್ಣದ ಫ್ಲಾಸ್ಕಿನಲ್ಲೇ ಅವು ಹೆಚ್ಚಿದ್ದವು. ಪರೀಕ್ಷೆಗೆ ಬರುವವರು ಕಾರವಾರದ ಪ್ರಾಧ್ಯಾಪಕರು. ಕೆಲಸ ಮೆಚ್ಚಿದರೆ ಸಂಶೋಧನೆಗೆ ತಮ್ಮಲ್ಲೇ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ನನಗೆ ಬೇಕಾಗಿದ್ದದ್ದು ಅದೊಂದೇ.

ಪರೀಕ್ಷೆಯ ಹಿಂದಿನ ದಿನ ಸಂಜೆ ನಮ್ಮ ಗೈಡ್ ಲ್ಯಾಬಿಗೆ ದಯಮಾಡಿಸಿದರು. ತಿಳಿ ಫ್ಲಾಸ್ಕನ್ನು ಎತ್ತಿ ಕಿಟಕಿಗೆ ಹಿಡಿದರು.

"ಏನವಾ ಇದು? ಬಣ್ಣನ ಇಲ್ಲಲ್ಲ!"

"ಸರ್, ಎಣಿಸೇನ್ರಿ. ಇದರಾಗ ಜೀವಕೋಶ ಜಾಸ್ತಿ ಅದಾವ್ರಿ."

"ನನಗ ಕಲಸಾಕ ಬರಬ್ಯಾಡ. ಮೂರು ತಲಿಮಾರಿನಿಂದ ಬಣ್ಣಾ ನೋಡೇ ಮಾಲ್ ತಗೊಂಡೇವಿ. ಬಣ್ಣ ಇಲ್ಲಂದ್ರ ಮಾಲ್ ಅಲ್ಲ."

ತಿಳಿ ಬಣ್ಣದ ಮೂರನ್ನೂ ಸಿಂಕಿಗೆ ಸುರಿದುಬಿಟ್ಟರು. ಕಡುಹಸಿರಿನದನ್ನು ಆರಕ್ಕೂ ಹಂಚಿದರು. ಮರುದಿನ ಬೆಳಿಗ್ಗೆ, ಮೆಣಸಿನಕಾಯಿಗೆ ಬಿಸಿಲು ತೋರಿಸಿದಂತೆ, ಎಲ್ಲವನ್ನೂ ತಾವೇ ಮಾಳಿಗೆಯ ಮೇಲೆ ಸಾಲಾಗಿ ಇಟ್ಟರು. "ಬಿಸಲ ಬಿದ್ರ ಇನ್ನೂ ಚಲೋ ಆಗ್ತೈತಿ ತಗೋ" ಎಂದರು. ಎಂಥ ತಲೆ ಅಂತೀರಿ! ಮಬ್ಬಿಗೆ ಒಗ್ಗಿದ ಜೀವವನ್ನು ಒಮ್ಮೆಲೇ ಸುಡುಬಿಸಿಲಿಗೆ ಒಡ್ಡಿದರೆ, ಹಿಡಿದಿಟ್ಟ ಹಸಿರೇ ಅದಕ್ಕೆ ಮುಳುವಾಗುತ್ತದೆ. ನಮ್ಮ ಬಿ.ಎಸ್ಸಿ. ಹುಡುಗರಿಗೂ ಇದು ಗೊತ್ತು. ಮಧ್ಯಾಹ್ನಕ್ಕೆ ಆರೂ ಫ್ಲಾಸ್ಕಿನಲ್ಲಿ ಬಿಳಚಿದ ನೀರು, ತಳದಲ್ಲಿ ಬೂದು ಗಸಿ.

ಪರೀಕ್ಷೆಗೆ ಬಂದ ಪ್ರಾಧ್ಯಾಪಕರು ಒಂದೊಂದನ್ನೇ ಎತ್ತಿ ನೋಡಿದರು. ಗೈಡ್ ನಾಚಿಕೆಯಿಲ್ಲದೆ ಬಾಯಿ ತೆರೆದರು.

"ಹುಡುಗಿಗೆ ಎಷ್ಟು ಹೇಳಿದ್ರೂ ಕೇಳಲಿಲ್ರಿ. ಬಿಸಲಾಗ ಇಟ್ಟು ಹಾಳ ಮಾಡ್ಯಾಳ."

"ಹೌದೇನಮ್ಮಾ?" ಎಂದು ಪ್ರಾಧ್ಯಾಪಕರು ನನ್ನನ್ನು ಕೇಳಿದರು.

ಎಣಿಕೆಯ ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇತ್ತು. ಇಂಟರ್ನಲ್ ಅಂಕ ಗೈಡ್ ಕೈಯಲ್ಲಿತ್ತು.

"ಹೌದ್ರಿ ಸರ್" ಎಂದೆ.

ಅವರು ಫ್ಲಾಸ್ಕನ್ನು ಕೆಳಗಿಟ್ಟರು. ಕಾರವಾರ ಅಲ್ಲಿಗೆ ಮುಗಿಯಿತು. ಗೈಡ್ ದಡ್ಡರು, ಜಂಬದವರು, ಸುಳ್ಳರು. ಹಾಗೆಂದು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಆದರೆ ಅವರು ತಿಳಿಯದೆ ಚೆಲ್ಲಿದರು. ಒಂದೊಂದೇ ಎಣಿಸಿ, ಎಲ್ಲ ತಿಳಿದೂ ಒಂದು 'ಹೌದ್ರಿ'ಯಲ್ಲಿ ಚೆಲ್ಲಿದವಳು ನಾನು.