ಆಯಿ ತೊಳೆದ ಅರ್ಧ ಡಾಲರ್

ಒದ್ದೆ ವಿಭೂತಿಯ ವಾಸನೆ ಬಂದರೆ ಸಾಕು, ಕೆಂಡಲ್ ಪಾರ್ಕಿನ ನಮ್ಮ ಅಡುಗೆಮನೆ, ಸಿಂಕಿನ ಮುಂದೆ ಸೆರಗು ಸಿಕ್ಕಿಸಿ ನಿಂತ ನಮ್ಮಜ್ಜಿ ಆಯಿ, ಅವಳ ಬೆರಳುಗಳ ನಡುವೆ ಫಳಫಳ ಹೊಳೆಯುತ್ತಿದ್ದ ಅಪ್ಪನ ಅರ್ಧ ಡಾಲರ್ ಕಣ್ಣಿಗೆ ಕಟ್ಟುತ್ತವೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಅಪ್ಪನ ಜೊತೆಯವರೆಲ್ಲ ಬರೀ ಷೇರಿನ ಮಾತಾಡುತ್ತಿದ್ದ ಕಾಲ ಅದು. ನಮ್ಮಪ್ಪನಿಗೋ ಈ ದೇಶದ ಹಳೇ ಬೆಳ್ಳಿ ನಾಣ್ಯಗಳ ಹುಚ್ಚು. ಊಟದ ಮೇಜಿನ ಮೇಲೆ ದೀಪ ಬಗ್ಗಿಸಿ, ಭೂತಗನ್ನಡಿ ಹಿಡಿದು ಕೂತನೆಂದರೆ ಚಹಾ ಆರಿ ಕೆನೆಗಟ್ಟಿದರೂ ಖಬರಿರುತ್ತಿರಲಿಲ್ಲ. ಆ ನಾಣ್ಯಗಳ ಕಾಲದಲ್ಲಿ ಟಂಕಸಾಲೆಯ ಅಚ್ಚಿನ ಮೇಲೆ ಒಂದೊಂದು ನಕ್ಷತ್ರವನ್ನೂ ಅಂಕಿಯನ್ನೂ ಕೈಯಿಂದಲೇ ಬಡಿದು ಮೂಡಿಸುತ್ತಿದ್ದರಂತೆ. ಹಾಗಾಗಿ ವರ್ಷ ಒಂದೇ ಆದರೂ ಒಂದು ಅಚ್ಚಿನ ನಾಣ್ಯ ಇನ್ನೊಂದರಂತಿರುವುದಿಲ್ಲ. ನಕ್ಷತ್ರ ಒಂಚೂರು ವಾಲಿರುತ್ತದೆ, ಅಂಕಿ ಒಂಚೂರು ಮೇಲೇರಿರುತ್ತದೆ. ಅಚ್ಚು ಬಿರಿದರೆ ಆ ಬಿರುಕು ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆಯಾಗಿ ಮೂಡುತ್ತದೆ. ಅಪ್ಪ ಇದನ್ನೆಲ್ಲ ಹೇಳುವಾಗ, ಎಂದೋ ಸತ್ತ ಆ ಅಚ್ಚು ಬಡಿದವನು ನಮ್ಮ ಪಕ್ಕದ ಮನೆಯವನೇ ಏನೋ ಅನ್ನಿಸುತ್ತಿತ್ತು.

ವರ್ಷಗಟ್ಟಲೆ ಹುಡುಕಿದ ಮೇಲೆ ಅಪ್ಪನಿಗೆ ಕೊನೆಗೂ ಒಂದು ಅರ್ಧ ಡಾಲರ್ ಸಿಕ್ಕಿತ್ತು: ನಕ್ಷತ್ರದಿಂದ ನಾಣ್ಯದ ಮೇಲಿನ ಹೆಣ್ಣುಮುಖದ ಟೋಪಿಯವರೆಗೆ ಬಿರುಕು ಹಾಯ್ದದ್ದು, ಅವನ ನಾಣ್ಯದ ಕ್ಲಬ್ಬಿನಲ್ಲಿ ಯಾರ ಹತ್ತಿರವೂ ಇಲ್ಲದ್ದು. ಬರುವ ಭಾನುವಾರ ಅಲ್ಲಿ ತೋರಿಸುವುದಿತ್ತು. ಆಗ ಧಾರವಾಡದಿಂದ ಅಪ್ಪನ ತಾಯಿ, ನಮ್ಮ ಆಯಿ ಬಂದಿದ್ದಳು. ಈ ಹೆಣ್ಣುಮಗಳು ಯಾರೋ ಎಂದು ಅವಳು ಕೇಳಿದಾಗ ಅಪ್ಪ ಕಣ್ಣೆತ್ತದೆ, ಇಲ್ಲಿಯವರ ಸ್ವಾತಂತ್ರ್ಯದೇವಿ ಎಂದುಬಿಟ್ಟಿದ್ದ. ಮುಗಿಯಿತಲ್ಲ! ದೇವಿ ಎಂದ ಮೇಲೆ ಕೇಳಬೇಕೆ? ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ಸಾಮಾನು ತೊಳೆಯುವಾಗ ಕಪ್ಪಿಟ್ಟ ಆ ದೇವಿಯನ್ನೂ ಆಯಿ ಒದ್ದೆ ವಿಭೂತಿ ಹಚ್ಚಿ ಗಸಗಸ ತಿಕ್ಕಿಬಿಟ್ಟಳು. ಹಳೇ ನಾಣ್ಯಕ್ಕೆ ಆ ಕಪ್ಪೇ ಮರ್ಯಾದೆ, ತಿಕ್ಕಿದ್ದನ್ನು ಕ್ಲಬ್ಬಿನವರು ಮೂಸಿಯೂ ನೋಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಆಫೀಸಿನಿಂದ ಬಂದ ಅಪ್ಪ ನೋಡಿದ. ಮುಖ ಬಿಳಿಚಿಹೋಯಿತು.

"ಪಾಪ, ಆಕೀ ಮೈ ತೊಳದು ಎಷ್ಟ ವರ್ಷ ಆಗಿತ್ತೋ ಏನೋ," ಎಂದಳು ಆಯಿ, ಖುಷಿಯಾಗಿ.

ಅಪ್ಪ ದೀಪ ಬಗ್ಗಿಸಿ ಬಹಳ ಹೊತ್ತು ನೋಡಿದ. ಆಮೇಲೆ ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿದು, "ಇಲ್ನೋಡವ್ವಾ, ಬಿರುಕು ಹಂಗ ಐತಿ," ಎಂದ.

ನಾಣ್ಯಕ್ಕೆ ಕುಂಕುಮ ಹಚ್ಚಿ ಲಕ್ಷ್ಮಿಯ ಮುಂದಿಟ್ಟವನೂ ಅವನೇ. ಭಾನುವಾರ ಕ್ಲಬ್ಬಿನ ಮೀಟಿಂಗ್ ಇಲ್ಲವೆಂದು ಹೇಳಿ ನಮ್ಮನ್ನೆಲ್ಲ ದೋಸೆ ತಿನ್ನಿಸಲು ಕರೆದೊಯ್ದ. ಕಾರಿನಲ್ಲಿ ನಾನು ಇಂಗ್ಲಿಷಿನಲ್ಲಿ ಕ್ಲಬ್ಬಿನ ಮಾತೆತ್ತಿದರೆ, ಮುಂದಿನ ಕನ್ನಡಿಯಲ್ಲೇ ನನ್ನನ್ನು ನೋಡಿ ಸುಮ್ಮನಿರೆಂದು ತಲೆಯಾಡಿಸಿದ. ಆಯಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ. ನಮ್ಮಪ್ಪ ಎಷ್ಟು ದೊಡ್ಡವನು ಎಂದು ನನಗೆ ಗೊತ್ತಾದದ್ದು ಅವತ್ತೇ.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆಯಿ ಹೋದಳು, ಅಪ್ಪನೂ ಹೋದ. ಆ ನಾಣ್ಯ ನನ್ನ ದೇವರ ಗೂಡಿನಲ್ಲಿದೆ. ಅಂಚಿನಿಂದ ನಿಧಾನಕ್ಕೆ ಮತ್ತೆ ಕಪ್ಪೇರುತ್ತಿದೆ. ಅಪ್ಪ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದನೋ. ಭೂತಗನ್ನಡಿ ಹಿಡಿದರೆ ಬಿರುಕು ಹಾಗೇ ಇದೆ, ಪಕ್ಕದ ನಕ್ಷತ್ರದ ಸಂದಿಯಲ್ಲಿ ಒಂದು ಚೂರು ವಿಭೂತಿ ಇನ್ನೂ ಬೆಳ್ಳಗೆ ಕೂತಿದೆ. ದೀಪಾವಳಿಗೆ ಮನೆಯ ಬೆಳ್ಳಿಯನ್ನೆಲ್ಲ ತೊಳೆಯುತ್ತೇನೆ. ಇದೊಂದನ್ನು ಮಾತ್ರ ತೊಳೆಯುವುದಿಲ್ಲ, ಆ ವಿಭೂತಿ ಎಲ್ಲಿ ಹೋಗಿಬಿಡುತ್ತದೋ ಎಂದು ಭಯ.