ಎದುರುಮನೆಯ ಕಾವು

ನಮ್ಮೂರು ಕುರ್ಡಿಯಿಂದ ಬಂದ ಡಬ್ಬಿಯ ಮುಚ್ಚಳ ತೆಗೆದೆ. ಭತ್ತದ ಹೊಟ್ಟಿನ ಒಣ ವಾಸನೆ ರಾಯಚೂರಿನ ನನ್ನ ಅಡುಗೆಮನೆಯನ್ನೆಲ್ಲ ತುಂಬಿತು. ಹೊಟ್ಟಿನೊಳಗೆ ಕೈಯಾಡಿಸಿದರೆ ಕೋಳಿ ತತ್ತಿಗಳು. ಕಳಿಸಿದವಳು ನನ್ನ ಚಿಗವ್ವ. ತತ್ತಿ ಒಡೆಯುವ ಮೊದಲು, ಕೆಟ್ಟಿದೆಯೋ ಏನೋ ಎಂದು, ನೀವೂ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೀರೇನು? ನನಗದು ಚಿಗವ್ವ ಹಚ್ಚಿದ ಚಟ. ಏನು ಕೇಳಿಸಬೇಕು ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.

ತತ್ತಿ ಮಾರಿಯೇ ಅವಳ ಸಂತೆ, ಸೀರೆ, ಎಲೆ ಅಡಿಕೆ ಎಲ್ಲ ನಡೆಯುತ್ತಿತ್ತು. ಒಂದು ಬೇಸಿಗೆಯಲ್ಲಿ ರೋಗ ಬಂದು ಅವಳ ನಾಟಿ ಕೋಳಿಗಳೆಲ್ಲ ಹೋದವು. ಉಳಿದದ್ದು ಕಾವಿಗೆ ಕೂತಿದ್ದ ಕರಿ ಕೋಳಿ ಒಂದೇ. ನಾನು ರಜೆಗೆ ಹೋಗಿದ್ದಾಗ, ಕಾಳು ತಿನ್ನಲು ಕಾವಿನ ಬುಟ್ಟಿಯಿಂದ ಇಳಿದ ಅದನ್ನೂ ನಾಯಿ ಕಚ್ಚಿಕೊಂಡು ಹೋಯಿತು. ಬುಟ್ಟಿಯಲ್ಲಿ ಬೆಚ್ಚಗಿದ್ದ ತತ್ತಿಗಳೂ ಕೆಟ್ಟರೆ ಚಿಗವ್ವನ ಕೋಳಿಯ ಸಂತಾನವೇ ಮುಗಿದಂತೆ.

ರೋಗ ಹೋದ ಮೇಲೆ ಮಾನ್ವಿಯಿಂದ ತಂದ ಫಾರಂ ಕೋಳಿಯೊಂದು ಮನೆಯಲ್ಲಿತ್ತು, ದಿನಾ ತತ್ತಿ ಇಡುವ ಜಾಣೆ. ನಾನು ಭಾರಿ ಬುದ್ಧಿವಂತೆಯಂತೆ ಅದನ್ನು ಹಿಡಿದು ತತ್ತಿಗಳ ಮೇಲೆ ಕೂಡಿಸಿ, ಮೇಲೊಂದು ಬುಟ್ಟಿ ಬೋರಲು ಹಾಕಿದೆ. ಎತ್ತಿ ನೋಡಿದರೆ ಬಸ್ಸಿಗೆ ಕಾಯುವವರ ಹಾಗೆ ನಿಂತೇ ಇತ್ತು.

"ಅದಕ್ಕ ಕಾವು ಕೂಡೂದು ಗೊತ್ತಿಲ್ಲ ಯವ್ವಾ. ಮಷೀನಿನಾಗ ಹುಟ್ಟಿದ್ದು," ಅಂದಳು ಚಿಗವ್ವ.

ಕಾವಿಗೆ ಬಂದ ಇನ್ನೊಂದು ಕೋಳಿ ಇದ್ದದ್ದು ಎದುರುಮನೆಯ ಈರಮ್ಮನ ಹತ್ತಿರ. ಚಿಗವ್ವನ ಕೋಳಿಗಳು ಈರಮ್ಮನ ಮೆಂತ್ಯದ ಮಡಿ ಕೆದರಿದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಚಿಗವ್ವ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ತತ್ತಿಗಳನ್ನು ಉಡಿಯಲ್ಲಿ ಹಾಕಿಕೊಂಡು, ಸೆರಗು ಮುಚ್ಚಿ, ಓಣಿ ದಾಟಿದಳು. ಬೈಗುಳ ಕೇಳಬೇಕಾದೀತೆಂದು ಹೆದರುತ್ತಲೇ ನಾನೂ ಹಿಂದೆ ಹೋದೆ.

"ಹುಟ್ಟಿದ್ರಾಗ ಅರ್ಧ ಪಾಲು ನಿಂದು," ಅಂದಳು ಚಿಗವ್ವ. ನಮ್ಮ ಕಡೆ ಕೋಳಿಯನ್ನು ಹೀಗೆ ಪಾಲಿಗೆ ಸಾಕುವುದುಂಟು.

ಈರಮ್ಮ ಮುಖ ನೋಡಲಿಲ್ಲ. "ಪಾಲಿನ ಮಾತು ಆಮ್ಯಾಲೆ. ತಣ್ಣಗಾಗಾಕತ್ತಾವ, ತಾ ಇಲ್ಲಿ," ಎಂದು ಕೈ ಚಾಚಿದಳು.

"ಕೋಳಿಗೆ ಇವು ತನ್ನವಲ್ಲ ಅಂತ ಗೊತ್ತಾಗಂಗಿಲ್ಲೇನು?" ಎಂದು ಕೇಳಿದೆ. ಇಬ್ಬರೂ ನನ್ನನ್ನೊಮ್ಮೆ ನೋಡಿ, ತತ್ತಿಗಳನ್ನು ಒಂದೊಂದಾಗಿ ಕೋಳಿಯ ಕೆಳಗೆ ಸರಿಸತೊಡಗಿದರು.

ಮರಿಗಳು ಹೊರಬಂದವು. ಕಾವು ಕೊಟ್ಟ ಕೋಳಿಯ ಹಿಂದೆಯೇ ತಿರುಗಾಡಿ, ಸಂಜೆ ಈರಮ್ಮನ ಗೂಡನ್ನೇ ಸೇರುತ್ತಿದ್ದವು. ಅವನ್ನು ನೋಡಬೇಕೆಂದರೆ ಚಿಗವ್ವ ದಿನಾ ಆ ಮನೆಯ ಕಟ್ಟೆಗೇ ಹೋಗಿ ಕೂರಬೇಕಾಯಿತು. ಕೂತವಳು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಾಳು, ನೀವೇ ಹೇಳಿ.

ಈಗ ಡಬ್ಬಿ ಮುಟ್ಟಿತೆಂದು ಹೇಳಲು ಫೋನ್ ಮಾಡಿದವಳು ಸುಮ್ಮನಿರಲಾರದೆ ಕೇಳಿದೆ: "ಚಿಗವ್ವಾ, ಇದ್ರಾಗ ನಿನ್ನ ಕೋಳಿವು ಯಾವು, ಈರಮ್ಮನವು ಯಾವು?"

ಅವಳು ಫೋನನ್ನು ಪಕ್ಕಕ್ಕೆ ಹಿಡಿದದ್ದು ಗೊತ್ತಾಯಿತು. "ಈರಮ್ಮಾ, ಕೇಳಿಲ್ಲಿ. ಇದು ಇನ್ನಾ ಅದನ್ನೇ ಕೇಳಾಕತ್ತದ."

ಆ ಕಡೆ ಇಬ್ಬರೂ ನಕ್ಕರು. ನಾನು ಕೈಗೆ ಸಿಕ್ಕ ಎರಡು ತತ್ತಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿಯದೆ, ಒಂದೇ ಬಟ್ಟಲಿಗೆ ಒಡೆದೆ.