ಡಾಯ್ಲ್ ಮುಟ್ಟದ ಕಾರ್ಡು

ನನ್ನ ಗಂಡ ಡಾಯ್ಲ್ ರ‍್ಯಾಟ್ಲಿಫ್ ಓಹಾಯೋ ನದಿ ದಂಡೆಯ ಕಾಗದದ ಮಿಲ್ಲಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಈ ಮಾರ್ಚಿನಲ್ಲಿ ಸತ್ತ. ಎದೆ ನಿಂತಿತು, ಅಷ್ಟೇ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಅಂದರು. ಒಳ್ಳೆಯವನೇ. ಆದರೆ ಹಟಮಾರಿ. ಆ ಹಟವನ್ನೇ ಬರೆಯುತ್ತೇನೆ.

ಮಿಲ್ಲಿನ ಸದ್ದು ಅವನ ಕಿವಿ ತಿಂದಿತ್ತು. ಹೋದ ಅಕ್ಟೋಬರಿನಲ್ಲಿ ಅಟ್ಟಿಯಿಂದ ಕಾಗದದ ಸುರುಳಿಯೊಂದು ಜಾರಿತು. ಒಬ್ಬ ಕೂಗಿದ. ಡಾಯ್ಲ್ ತಿರುಗಲಿಲ್ಲ. ಸುರುಳಿ ಅವನ ಗಾಡಿಯನ್ನು ಸವರಿಕೊಂಡು ಬಿತ್ತು. ಮೇಸ್ತ್ರಿ ಹೇಳಿದ: “ಹೊಸ ವರ್ಷದ ಮೊದಲ ವಾರ ಕಿವಿ ಪರೀಕ್ಷೆ. ಪಾಸಾದ್ರೆ ಗಾಡಿ, ಇಲ್ಲಾಂದ್ರೆ ಪೊರಕೆ.”

ಕಿವಿಯ ಮೆಷಿನ್ನಿಗೆ ದುಡ್ಡಿತ್ತು. ಮಿಲ್ಲಿನವರು ಸಂಬಳದಿಂದ, ತೆರಿಗೆ ಹಿಡಿಯುವ ಮುಂಚೆಯೇ, ಸ್ವಲ್ಪ ಸ್ವಲ್ಪ ಮುರಿದು ವೈದ್ಯದ ಖರ್ಚಿಗೆಂದು ಒಂದು ಖಾತೆಗೆ ಹಾಕುತ್ತಾರೆ. ಅದಕ್ಕೊಂದು ಕಾರ್ಡು. ವರ್ಷಕ್ಕೆ ಎಷ್ಟು ಎಂದು ಹಿಂದಿನ ನವೆಂಬರಿನಲ್ಲೇ ಹೇಳಬೇಕು. ಡಿಸೆಂಬರ್ ಮುಗಿದ ಮೇಲೆ ಉಳಿದದ್ದು ಮಿಲ್ಲಿನದು. ಆದರೆ ಇಡೀ ವರ್ಷದ ಮೊತ್ತವನ್ನು ಜನವರಿಯ ಮೊದಲ ದಿನವೇ ತೆಗೆಯಬಹುದು. ಮುರಿಯುವುದು ಆಮೇಲೆ ನಡೆಯುತ್ತಿರುತ್ತದೆ. ಡಾಯ್ಲ್‌ನ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಅದೇ.

ಯೂನಿಯನ್ನಿನ ಮಾರ್ವಾ ನಮ್ಮ ಅಡುಗೆಮನೆಗೇ ಬಂದು ಕೂಗಾಡಿದಳು.

“ಲೋ ಡಾಯ್ಲ್, ಜನವರಿಯಿಂದ ಆ ಕಾರ್ಡಿನ ಮೇಲೆ ಕಾವು ಕೂತಿದೀಯಲ್ಲ, ಮರಿ ಏನಾದ್ರೂ ಮಾಡುತ್ತಾ?”

“ನಾನು ಹಾಕದೆ ಇರೋ ದುಡ್ಡು ನಾನು ತೆಗಿಯಲ್ಲ. ಪೂರ್ತಿ ತುಂಬ್ಲಿ.”

“ರೂಲೇ ಹಂಗಿದೆ ಕಣೋ!”

“ಮಧ್ಯದಲ್ಲಿ ನಾನು ಸತ್ರೆ?”

“ಸತ್ರೆ ಮಿಲ್ಲಿಗೆ ನಷ್ಟ. ಅಳೋಕೆ ನೀನೇ ಇರಲ್ವಲ್ಲ!”

ಅವಳು ನಕ್ಕಳು. ಅವನು ನಗಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಅವನ ಅಪ್ಪ ವೆಸ್ಟ್ ವರ್ಜೀನಿಯದಲ್ಲಿ ಕಲ್ಲಿದ್ದಲ ಗಣಿಯವನು. ಸಂಬಳಕ್ಕೆ ಮುಂಚೆ ದುಡ್ಡಿನ ಬದಲು ಕಂಪನಿಯ ಬಿಲ್ಲೆಗಳನ್ನು ಮುಂಗಡ ತಂದು, ಕಂಪನಿ ಅಂಗಡಿಯಲ್ಲೇ ಹಿಟ್ಟು ಬೇಕನ್ ಕೊಳ್ಳುತ್ತಿದ್ದ. ಗಣಿಯೊಳಗೆ ಸತ್ತ. ಹೂಳಿ ಬಂದ ಮೇಲೆ ಅಂಗಡಿಯವನು ಬಾಕಿ ಎಂದು ಒಲೆ, ಮಂಚ ಹೊರಿಸಿಕೊಂಡು ಹೋದ. ಮನೆಯೂ ಕಂಪನಿಯದೇ, ಬಿಡಿಸಿದರು. ಡಾಯ್ಲ್ ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದವನು. ಸಾಯುವಾಗ ಕಂಪನಿಗೆ ಬಾಕಿ ಇರಬಾರದು. ಅವನಿಗೆ ಅದು ಬೈಬಲ್ಲಿನ ಮಾತು.

ಹಾಗಾಗಿ ಡಿಸೆಂಬರಿನವರೆಗೆ ಕಾದ. ಡಿಸೆಂಬರಿನಲ್ಲಿ ಅರ್ಧ ಮಿಲ್ಲು ಡಾಕ್ಟರರ ಬಾಗಿಲಲ್ಲಿರುತ್ತದೆ. ನಮಗೆ ಸಿಕ್ಕಿದ್ದು ವರ್ಷದ ಕೊನೆಯ ದಿನ. ಆರ್ಡರ್ ಕೊಟ್ಟರೆ ಸಾಲದು, ಮೆಷಿನ್ನು ಅವತ್ತೇ ಕಿವಿಗೆ ಬೀಳಬೇಕು.

ಹಿಮ ಬೀಳುತ್ತಿತ್ತು. ಮಧ್ಯಾಹ್ನಕ್ಕೆ ಕ್ಲಿನಿಕ್ ಮುಚ್ಚುತ್ತಾರೆ. ಮೆಷಿನ್ನು ತರುವ ಗಾಡಿ ಬಂದಿರಲಿಲ್ಲ. ಕಿವಿ ನೋಡುವ ಮಿಸೆಸ್ ಪಾವ್ಲಿಕ್ ಮೂರು ಸಲ ಫೋನ್ ಮಾಡಿದಳು. ನಾನು ಗಡಿಯಾರ ನೋಡುತ್ತಿದ್ದೆ. ಡಾಯ್ಲ್ ಕಿಟಕಿಯಲ್ಲಿ ರಸ್ತೆ ನೋಡುತ್ತಿದ್ದ.

“ಗಾಡಿ ಗುಡ್ಡದ ಆಚೆ ಸಿಕ್ಕಾಕೊಂಡಿದೆಯಂತೆ,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಓಲೀಟಾ, ಇವತ್ತೇ ಕೊಟ್ಟೆ ಅಂತ ಬರ್ಕೊಂಡ್ಬಿಡ್ಲಾ? ಯಾರು ನೋಡ್ತಾರೆ?”

“ಬರ್ಕೊಳ್ಳಿ,” ಅಂದೆ.

ಡಾಯ್ಲ್ ನಮ್ಮ ಬಾಯಿ ನೋಡಿದ. “ಏನದು?”

ಪಿಸುಗುಟ್ಟಿದರೆ ಅವನಿಗೆ ಕೇಳುತ್ತದೆಯೇ? ಕಿರುಚಿ ಹೇಳಿದೆ. ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು.

“ಬೇಡ,” ಎಂದ. ಟೋಪಿ ಹಾಕಿಕೊಂಡ.

ದಾರಿಯಲ್ಲಿ ಔಷಧದ ಅಂಗಡಿಗೆ ಹೋದೆವು. ನಮ್ಮ ಮಿಲ್ಲಿನವರೇ ಖಾತೆ ಖಾಲಿ ಮಾಡಲು ಬಂದು ಎಲ್ಲ ಬಾಚಿಕೊಂಡಿದ್ದರು. ನಮಗೆ ಉಳಿದದ್ದು ಒಂದಿಷ್ಟು ಬ್ಯಾಂಡೇಜು, ಸುಟ್ಟ ಗಾಯದ ಮುಲಾಮು. ಮಿಕ್ಕ ದುಡ್ಡು ಮಿಲ್ಲಿಗೆ ಹೋಯಿತು. ಮನೆ ಸೇರುವವರೆಗೂ ನಾನು ಅವನನ್ನು ಬೈದೆ. ಅವನಿಗೆ ಕೇಳಲಿಲ್ಲ.

ಹೊಸ ವರ್ಷದ ಮರುದಿನ ಮೆಷಿನ್ನು ಬಂತು. ಕೈಯಲ್ಲಿದ್ದ ಉಳಿತಾಯ ಸೂರಿನ ರಿಪೇರಿಗೆ ಹೋಗಿತ್ತು. ಹೊಸ ವರ್ಷಕ್ಕೂ ಖಾತೆ ಇಡು ಎಂದು ನವೆಂಬರಿನಲ್ಲಿ ನಾನೇ ಹಿಡಿದು ಕೂರಿಸಿ ಸಹಿ ಹಾಕಿಸಿದ್ದೆ. ಖಾತೆ ತೆರೆದಿತ್ತು. ಸಂಬಳದಿಂದ ಒಂದು ಕಾಸೂ ಮುರಿದಿರಲಿಲ್ಲ. ಪರೀಕ್ಷೆ ನಾಳಿದ್ದು.

“ಇದು ಮುಂಗಡ,” ಎಂದ ಡಾಯ್ಲ್.

“ಹೂಂ, ಮುಂಗಡವೇ. ಕಾರ್ಡ್ ತೆಗಿತೀಯಾ, ಪೊರಕೆ ಹಿಡಿತೀಯಾ?”

ಅವನು ಕಾರ್ಡನ್ನು ಹೊರತೆಗೆದು ಹಿಡಿದುಕೊಂಡ. “ನಡುವೆ ನಾನು ಹೋದ್ರೆ ನೀನು ತೀರಿಸ್ಬೇಕು.”

“ತೀರಿಸ್ತೀನಿ.”

“ಆಣೆ ಮಾಡು.”

ಮಾಡಿದೆ. ಕಾರ್ಡು ಕೊಟ್ಟ. ಮೆಷಿನ್ನು ಹಾಕಿಕೊಂಡು ನನ್ನ ಕಡೆ ತಿರುಗಿದ. “ನೀನು ಯಾವಾಗ್ಲೂ ಹಿಂಗೇ ಕಿರುಚ್ತೀಯೇನೇ?”

ಪರೀಕ್ಷೆ ಪಾಸಾದ. ಗಾಡಿ ಉಳಿಯಿತು. ಎರಡು ತಿಂಗಳು ಓಡಿಸಿದ.

ಅವನನ್ನು ಹೂಳಿದ ಮೇಲೆ ನಾನು ಅವನ ದೋಣಿ ಮಾರಿದೆ. ದುಡ್ಡು ತೆಗೆದುಕೊಂಡು ಮಿಲ್ಲಿನ ಆಫೀಸಿಗೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಅಡ್ಡಡ್ಡ ತಲೆಯಾಡಿಸಿದಳು.

“ಇದನ್ನ ತಗೊಳ್ಳೋಕಾಗಲ್ಲ ಅಮ್ಮ.”

“ತೆಗೆದಿರೋದು ಜಾಸ್ತಿ, ಮುರಿದಿರೋದು ಕಮ್ಮಿ. ನಾನು ಓದಿಲ್ಲ, ಅಷ್ಟು ಲೆಕ್ಕ ಬರುತ್ತೆ.”

“ಲೆಕ್ಕ ಸರಿ. ಆದ್ರೆ ಅದು ಬಾಕಿ ಅಲ್ಲ. ಕಂಪನಿ ವಾಪಸ್ ಕೇಳೋ ಹಾಗೇ ಇಲ್ಲ.”

“ಆಮೇಲೆ ಮನೆಗೆ ಬಂದು ಒಲೆ ಹೊತ್ಕೊಂಡು ಹೋಗ್ತೀರಾ?”

“ಒಲೆನಾ?” ಹುಡುಗಿ ಕಣ್ಣು ಬಿಟ್ಟಳು. “ಇಲ್ಲಮ್ಮ, ಯಾರೂ ಬರಲ್ಲ.”

ನಾನು ಕೌಂಟರಿನ ಮೇಲೆ ಬಾಗಿದೆ. “ಅವನ ಹೆಸರು ಹಿಡಿದು ಹೇಳು.”

“ಡಾಯ್ಲ್ ರ‍್ಯಾಟ್ಲಿಫ್ ಅವರದು ಕಂಪನಿಗೆ ಏನೂ ಬಾಕಿ ಇಲ್ಲ.”

“ಗಟ್ಟಿಯಾಗಿ.”

ಅವಳು ಎದ್ದು ನಿಂತು ಹೇಳಿದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ.

ದುಡ್ಡು ವಾಪಸು ತಂದೆ. ಜನವರಿಯ ಆ ದಿನದಿಂದ ಸಾಯುವ ದಿನದವರೆಗೂ ಡಾಯ್ಲ್ ಸಾಲಗಾರನ ಹಾಗೆ ತಲೆ ತಗ್ಗಿಸಿ ಕೆಲಸಕ್ಕೆ ಹೋದ. ಬಾಕಿ ಇಲ್ಲ ಎಂದು ಮಾರ್ವಾ ಹೇಳಿದ್ದಳು. ಅವನು ನಂಬಲಿಲ್ಲ. ನಾನೂ ನಂಬಿರಲಿಲ್ಲ.